ಹಳೆಯ ಮಸ್ಟಾಂಗ್‌ಗೆ ಹೊಸ ಹೆಡರ್: ಬೆರಳಗಲ ಜಾಗದ ಲೆಕ್ಕಾಚಾರ

ಹಳೆಯ ಕಾರನ್ನು ಪ್ರೀತಿಯಿಂದ ಸಾಕುವವರಿಗೆ ಎಂಜಿನ್ನಿನ ದನಿಯೂ ಒಂದು ಸಂಗೀತವೇ. ಆ ದನಿಗೆ ಇನ್ನಷ್ಟು ಮೆರುಗು, ಚಕ್ರಕ್ಕೆ ಇನ್ನಷ್ಟು ಬಲ ಸಿಗಲೆಂಬ ಆಸೆಯಿಂದ ಅನೇಕರು ಮೂಲ ಎಕ್ಸಾಸ್ಟ್ ಮ್ಯಾನಿಫೋಲ್ಡ್ ತೆಗೆದು ಅದರ ಜಾಗದಲ್ಲಿ ಉಕ್ಕಿನ ಕೊಳವೆಗಳ 'ಹೆಡರ್' ಕೂರಿಸುತ್ತಾರೆ. ಪೆಟ್ಟಿಗೆಯಿಂದ ತೆಗೆದಾಗ ಹೊಳೆಯುವ ಈ ಹೆಡರ್, ಬಾನೆಟ್ಟಿನ ಒಳಗೆ ಇಳಿಸಹೊರಟಾಗ ಮಾತ್ರ ಬೇರೆಯೇ ಬಣ್ಣ ತೋರುತ್ತದೆ. ಒಂದು ಕೊಳವೆ ಸ್ಟೀರಿಂಗ್ ಬಾಕ್ಸಿಗೆ ತಾಗುತ್ತದೆ, ಮತ್ತೊಂದು ಸ್ಟಾರ್ಟರ್ ಮೋಟಾರಿಗೆ ಒರಗುತ್ತದೆ, ಮಗದೊಂದು ಬ್ರೇಕಿನ ಕೊಳವೆಗೆ ಮುತ್ತಿಡುತ್ತದೆ.

'ಸ್ವಲ್ಪ ತಾಗಿದರೆ ಏನಾಯಿತು' ಎಂದು ಸುಮ್ಮನಾಗುವ ಸಂಗತಿ ಇದಲ್ಲ. ಸ್ಟೀರಿಂಗ್ ಹಿಡಿದುಕೊಳ್ಳುವುದು, ಬ್ರೇಕ್ ಕೈಕೊಡುವುದು, ಬೆಂಕಿ ಹೊತ್ತಿಕೊಳ್ಳುವುದು, ವಿಷಾನಿಲ ಕಾರಿನೊಳಗೆ ಸೇರುವುದು, ಇವೆಲ್ಲಕ್ಕೂ ಬೆರಳಗಲ ಜಾಗದ ಕೊರತೆಯೇ ಕಾರಣವಾಗಬಲ್ಲದು. ಈ ತೊಡಕಿಗೆ ಹೆಸರಾದ ಕಾರೊಂದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಸಮಸ್ಯೆಯ ಮೂಲವನ್ನೂ ಪರಿಹಾರದ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ. ಆ ಕಾರು ಅಮೆರಿಕದ ಫೋರ್ಡ್ ಮಸ್ಟಾಂಗ್.

ಕಿರಿದಾದ ಎದೆಗೂಡು

ಮಸ್ಟಾಂಗ್ ಲೋಕಾರ್ಪಣೆಗೊಂಡದ್ದು 1964ರ ಏಪ್ರಿಲ್ 17ರಂದು, ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ. ಕಡಿಮೆ ವೆಚ್ಚದಲ್ಲಿ ಆಕರ್ಷಕ ಕಾರು ರೂಪಿಸುವ ಉದ್ದೇಶದಿಂದ ಫೋರ್ಡ್ ಸಂಸ್ಥೆ ಅದಕ್ಕೆ ತನ್ನದೇ 'ಫಾಲ್ಕನ್' ಕಾರಿನ ತಳಹದಿಯನ್ನು ಬಳಸಿಕೊಂಡಿತು. ಫಾಲ್ಕನ್ ಮೂಲತಃ ವಿನ್ಯಾಸಗೊಂಡಿದ್ದು ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಲ್ಲುವ ಸಪೂರ ಎಂಜಿನ್ನಿಗೆ. ಆ ಜಾಗಕ್ಕೆ ಇಂಗ್ಲಿಷ್ 'ವಿ' ಅಕ್ಷರದಂತೆ ಇಬ್ಬದಿಗೂ ಚಾಚಿಕೊಂಡ ಎಂಟು ಸಿಲಿಂಡರಿನ ವಿ8 ಎಂಜಿನ್ ಬಂದು ಕುಳಿತಾಗ ಇಕ್ಕಟ್ಟು ಆರಂಭವಾಯಿತು.

ಇಕ್ಕಟ್ಟಿಗೆ ಮುಖ್ಯ ಕಾರಣ 'ಶಾಕ್ ಟವರ್'. ಈ ಕಾರಿನಲ್ಲಿ ಮುಂಚಕ್ರದ ಕಾಯಿಲ್ ಸ್ಪ್ರಿಂಗ್ ಮೇಲಿನ ತೋಳಿನ ಮೇಲೆ ನಿಂತಿರುತ್ತದೆ. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರನ್ನು ಹಿಡಿದಿಡುವ ತಗಡಿನ ಗೋಪುರ ಎಂಜಿನ್ ಕೋಣೆಯ ಎರಡೂ ಬದಿಗಳಲ್ಲಿ ಒಳಕ್ಕೆ ನುಗ್ಗಿ ನಿಂತಿದೆ. ಎಂಜಿನ್ನಿನ ತಲೆಗೂ ಈ ಗೋಪುರಕ್ಕೂ ನಡುವಿನ ಸಂದಿಯಲ್ಲೇ ಪ್ರತಿ ಬದಿಗೆ ನಾಲ್ಕು ಕೊಳವೆಗಳು ಇಳಿದುಹೋಗಬೇಕು. ನಮ್ಮಲ್ಲಿ ಮನೆಮಾತಾಗಿದ್ದ ಅಂಬಾಸಿಡರ್ ಕಾರಿಗೆ ಈ ಕಷ್ಟವಿರಲಿಲ್ಲ. ಅದರ ಹಳೆಯ 1489 ಸಿಸಿ ಎಂಜಿನ್ನಿನ ನಾಲ್ಕು ಸಿಲಿಂಡರುಗಳ ಹೊಗೆಯೂ ಎಡಬದಿಯೊಂದರಿಂದಲೇ ಹೊರಬರುತ್ತಿತ್ತು; ಸ್ಟೀರಿಂಗ್ ಇದ್ದದ್ದು ಬಲಬದಿಯಲ್ಲಿ.

ಮೊದಲ ಮಸ್ಟಾಂಗ್‌ಗಳಲ್ಲಿ 260 ಮತ್ತು 289 ಘನ ಇಂಚಿನ, ಅಂದರೆ ಸುಮಾರು 4.3 ಹಾಗೂ 4.7 ಲೀಟರಿನ ವಿ8 ಎಂಜಿನ್‌ಗಳಿದ್ದವು. 1967ರ ಮಾದರಿಯಲ್ಲಿ ಕಾರಿನ ಅಗಲವನ್ನು ಸುಮಾರು 2.7 ಇಂಚು ಹೆಚ್ಚಿಸಲಾಯಿತು. ಆದರೆ ಅದರ ಜೊತೆಗೇ 390 ಘನ ಇಂಚಿನ ದೊಡ್ಡ ಎಂಜಿನ್ ಕೂಡ ಬಂದದ್ದರಿಂದ ಆ ಎಂಜಿನ್ ಕೊಂಡವರಿಗೆ ಇಕ್ಕಟ್ಟು ಹಾಗೆಯೇ ಉಳಿಯಿತು.

ಬೀಡು ಬಿಟ್ಟು ಉಕ್ಕಿಗೆ ಏಕೆ?

ಕಾರ್ಖಾನೆಯಿಂದ ಬರುವ ಮ್ಯಾನಿಫೋಲ್ಡ್ ಬೀಡುಕಬ್ಬಿಣದ ಎರಕ. ಗಟ್ಟಿ, ಸದ್ದು ಕಡಿಮೆ, ಬಾಳಿಕೆ ಹೆಚ್ಚು. ಎಂಜಿನ್ನಿಗೆ ಅಂಟಿಕೊಂಡಂತೆ ಕೂರುವುದರಿಂದ ಜಾಗವೂ ಅಷ್ಟಾಗಿ ಬೇಡ. ಆದರೆ ನಾಲ್ಕೂ ಸಿಲಿಂಡರುಗಳ ಹೊಗೆ ಕೂಡಲೇ ಒಂದೇ ಓಣಿಗೆ ಬಂದು ಬೀಳುವುದರಿಂದ ಒಂದರ ಒತ್ತಡ ಇನ್ನೊಂದಕ್ಕೆ ಅಡ್ಡಿಯಾಗುತ್ತದೆ. ಹೆಡರ್‌ನಲ್ಲಿ ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಕೊಳವೆ. ಅವು ಒಂದಿಷ್ಟು ದೂರ ಸ್ವತಂತ್ರವಾಗಿ ಸಾಗಿ ಮುಂದೆ ಒಂದಾಗುತ್ತವೆ. ಹೀಗಾಗಿ ಎಂಜಿನ್ ಸಲೀಸಾಗಿ ಉಸಿರುಬಿಡುತ್ತದೆ.

ಹೆಡರ್‌ಗಳಲ್ಲಿ ಮೂರು ಬಗೆ. ಗಿಡ್ಡ ಕೊಳವೆಯದು ಸುಲಭವಾಗಿ ಕೂರುತ್ತದೆ, ಲಾಭ ಕಡಿಮೆ. ಉದ್ದ ಕೊಳವೆಯದು ಹೆಚ್ಚು ಬಲ ನೀಡುತ್ತದೆ. ಆದರೆ ಸ್ಟೀರಿಂಗ್, ಕ್ಲಚ್, ಗೇರುಗಳ ಪಕ್ಕದಲ್ಲೇ ಹಾದು ನೆಲದ ಸಮೀಪಕ್ಕೆ ಇಳಿಯುತ್ತದೆ. ಇವೆರಡರ ನಡುವಿನದು 'ಟ್ರೈ-ವೈ'. ಇದರಲ್ಲಿ ನಾಲ್ಕು ಕೊಳವೆಗಳು ಮೊದಲು ಎರಡಾಗಿ, ಬಳಿಕ ಒಂದಾಗುತ್ತವೆ. ಕ್ಯಾರೊಲ್ ಶೆಲ್ಬಿ ಅವರ ಸಂಸ್ಥೆ 1965ರಲ್ಲಿ ಹೊರತಂದ ಜಿಟಿ350 ಮಸ್ಟಾಂಗ್‌ನಲ್ಲಿ ಇಂಥ ಟ್ರೈ-ವೈ ಹೆಡರ್ ಇತ್ತು. ಫೋರ್ಡ್‌ನ 271 ಅಶ್ವಶಕ್ತಿಯ 289 ಎಂಜಿನ್ನಿಗೆ ಹೆಡರ್, ಕಾರ್ಬುರೇಟರ್ ಮೊದಲಾದ ಬದಲಾವಣೆ ಮಾಡಿ 306 ಅಶ್ವಶಕ್ತಿ ಎಂದು ಘೋಷಿಸಲಾಗಿತ್ತು. ಇಕ್ಕಟ್ಟಿನ ಕಾರಿಗೆ ಇಂದಿಗೂ ಹಲವರು ಟ್ರೈ-ವೈಯನ್ನೇ ಆರಿಸಿಕೊಳ್ಳಲು ಅದು ತುಸು ಕಡಿಮೆ ಜಾಗ ಬೇಡುವುದೂ ಒಂದು ಕಾರಣ.

ತಾಗುವುದು ಎಲ್ಲಿ?

ಅಮೆರಿಕದ ಮಸ್ಟಾಂಗ್‌ನಲ್ಲಿ ಚಾಲಕನ ಆಸನ ಎಡಕ್ಕಿದೆ. ಆದ್ದರಿಂದ ಎಡಬದಿಯೇ ಹೆಚ್ಚು ತ್ರಾಸದಾಯಕ.

ಎಡಬದಿಯ ಹಿಂದಿನ ಕೊಳವೆಗಳು ಸ್ಟೀರಿಂಗ್ ಬಾಕ್ಸನ್ನು ಬಳಸಿಕೊಂಡು ಇಳಿಯಬೇಕು. ಕೈಗೇರಿನ ಕಾರಾದರೆ ಕ್ಲಚ್ ಪೆಡಲಿನ ಬಲವನ್ನು ಗೇರುಪೆಟ್ಟಿಗೆಗೆ ಸಾಗಿಸುವ 'ಝಡ್-ಬಾರ್' ಎಂಬ ಅಡ್ಡ ದಂಡ ಎಂಜಿನ್ನಿಗೂ ಚೌಕಟ್ಟಿಗೂ ನಡುವೆ ಹಾದುಹೋಗುತ್ತದೆ. ಆಟೊಮ್ಯಾಟಿಕ್ ಗೇರಾದರೆ ಗೇರು ಬದಲಿಸುವ ಸರಳು ಅದೇ ಬದಿಯಲ್ಲಿದೆ. ಪವರ್ ಸ್ಟೀರಿಂಗ್ ಇದ್ದರೆ ತೊಡಕು ಇಮ್ಮಡಿಸುತ್ತದೆ. ಇಂದಿನ ಕಾರುಗಳಂತೆ ಅದು ಒಂದೇ ಪೆಟ್ಟಿಗೆಯೊಳಗಿನ ವ್ಯವಸ್ಥೆಯಲ್ಲ. ಸ್ಟೀರಿಂಗ್ ತೋಳಿಗೆ ಜೋಡಿಸಿದ ವಾಲ್ವ್, ಅಡ್ಡಲಾಗಿ ಮಲಗಿದ ಹೈಡ್ರಾಲಿಕ್ ಸಿಲಿಂಡರು ಮತ್ತು ರಬ್ಬರ್ ಹೋಸುಗಳು ಎಂಜಿನ್ನಿನ ಕೆಳಗೆ ಹರಡಿಕೊಂಡಿರುತ್ತವೆ.

ಬಲಬದಿಯಲ್ಲಿ ಅಡ್ಡ ಬರುವುದು ಸ್ಟಾರ್ಟರ್ ಮೋಟಾರ್ ಮತ್ತು ಅದರ ದಪ್ಪ ಕೇಬಲ್. ಎರಡೂ ಬದಿಗಳಲ್ಲಿ ಸ್ಪಾರ್ಕ್ ಪ್ಲಗ್ಗಿನ ರಬ್ಬರ್ ಟೋಪಿಗಳು ಕೊಳವೆಗಳಿಗೆ ತೀರಾ ಸಮೀಪವಿದ್ದು ಕರಗಿಹೋಗುವುದುಂಟು.

ಇವೆಲ್ಲಕ್ಕಿಂತ ಗಂಭೀರವಾದದ್ದು ಬ್ರೇಕ್ ಕೊಳವೆ. 1966ರವರೆಗಿನ ಮಸ್ಟಾಂಗ್‌ಗಳಲ್ಲಿ ನಾಲ್ಕೂ ಚಕ್ರಗಳಿಗೆ ಸೇರಿ ಒಂದೇ ಬ್ರೇಕ್ ಮಾರ್ಗವಿತ್ತು. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಮಾರ್ಗ ಬಂದದ್ದು 1967ರ ಮಾದರಿಯಿಂದ. ಡಾಟ್ 3 ದರ್ಜೆಯ ಬ್ರೇಕ್ ಎಣ್ಣೆ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿಕೊಂಡ ಬಳಿಕ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಹೆಡರ್ ಕೊಳವೆಯ ಮೇಲ್ಮೈ ಹಲವು ನೂರು ಡಿಗ್ರಿ ಬಿಸಿಯಾಗುತ್ತದೆ. ಅದಕ್ಕೆ ಒರಗಿದ ಬ್ರೇಕ್ ಕೊಳವೆಯಲ್ಲಿ ಎಣ್ಣೆ ಕುದಿದು ಆವಿಗುಳ್ಳೆ ಎದ್ದರೆ ಪೆಡಲ್ ಒತ್ತಿದಷ್ಟೂ ಆಳಕ್ಕೆ ಇಳಿಯುತ್ತದೆಯೇ ಹೊರತು ಕಾರು ನಿಲ್ಲದು. ಒಂದೇ ಮಾರ್ಗದ ಕಾರಿನಲ್ಲಿ ಇದರ ಅರ್ಥ ನಾಲ್ಕೂ ಚಕ್ರಗಳ ಬ್ರೇಕ್ ಕಳೆದುಕೊಂಡಂತೆ.

ನಿಂತಾಗ ಇರುವ ಜಾಗ, ಓಡುವಾಗ ಇಲ್ಲ

ಗ್ಯಾರೇಜಿನಲ್ಲಿ ನಿಂತ ಕಾರಿನಲ್ಲಿ ಕೊಳವೆ ಎಲ್ಲೂ ತಾಗದಿದ್ದರೆ ಕೆಲಸ ಮುಗಿಯಿತೆಂದು ಭಾವಿಸುವುದು ಸಾಮಾನ್ಯ ತಪ್ಪು. ಎಂಜಿನ್ ರಬ್ಬರ್ ಮೌಂಟಿಂಗ್‌ಗಳ ಮೇಲೆ ಕುಳಿತಿರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಕ್ರ್ಯಾಂಕ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಎಂಜಿನ್ ವಾಲುತ್ತದೆ. ಈ ಎಂಜಿನ್‌ಗಳಲ್ಲಿ ಎಡಬದಿ ಮೇಲೇಳುತ್ತದೆ, ಬಲಬದಿ ಕೆಳಗೊತ್ತುತ್ತದೆ. ಎಂಜಿನ್ನಿಗೆ ಬಿಗಿದ ಹೆಡರ್ ಕೂಡ ಅದರೊಂದಿಗೇ ಆಡುತ್ತದೆ. ಚೌಕಟ್ಟಿಗೆ ಬಿಗಿದ ಸ್ಟೀರಿಂಗ್ ಬಾಕ್ಸ್ ಮಾತ್ರ ಅಲ್ಲಾಡದು.

ಮೌಂಟಿಂಗ್ ಹರಿದರೆ ಏನಾಗಬಹುದೆಂಬುದಕ್ಕೆ ಇತಿಹಾಸದಲ್ಲಿ ದೊಡ್ಡ ನಿದರ್ಶನವಿದೆ. 1965ರಿಂದ 1970ರ ನಡುವೆ ತಯಾರಾದ ಷೆವ್ರೊಲೆ ವಾಹನಗಳಲ್ಲಿ ಮೌಂಟಿಂಗ್ ಹರಿದು ಎಂಜಿನ್ ಮೇಲೆದ್ದು, ಆಕ್ಸಿಲರೇಟರ್ ತಾನಾಗಿ ಎಳೆದುಕೊಳ್ಳುತ್ತಿದ್ದ ಕಾರಣ ಜನರಲ್ ಮೋಟಾರ್ಸ್ ಸಂಸ್ಥೆ 1971ರ ಡಿಸೆಂಬರಿನಲ್ಲಿ ಸುಮಾರು 67 ಲಕ್ಷ ವಾಹನಗಳನ್ನು ದುರಸ್ತಿಗೆ ಕರೆಸಿಕೊಳ್ಳಬೇಕಾಯಿತು.

ಇನ್ನು ಶಾಖದ ಪಾತ್ರ. ಒಂದು ಮೀಟರ್ ಉದ್ದದ ಸಾದಾ ಉಕ್ಕಿನ ಕೊಳವೆ 500 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು 6 ಮಿಲಿಮೀಟರ್ ಉದ್ದವಾಗುತ್ತದೆ. ಸ್ಟೇನ್‌ಲೆಸ್ ಉಕ್ಕಾದರೆ ಇದು 8ರಿಂದ 9 ಮಿಲಿಮೀಟರ್. ತಣ್ಣಗಿದ್ದಾಗ 4 ಮಿಲಿಮೀಟರ್ ಸಂದಿ ಇದ್ದ ಕಡೆ, ಬಿಸಿಯಾದಾಗ ಕೊಳವೆ ಆ ದಿಕ್ಕಿನಲ್ಲೇ ಬೆಳೆದರೆ ಸಂದಿಯೇ ಮಾಯವಾಗಬಹುದು. ಆದ್ದರಿಂದ ಕದಲದ ಲೋಹದ ಭಾಗಗಳಿಂದ ಸುಮಾರು 12 ಮಿಲಿಮೀಟರ್, ರಬ್ಬರ್, ವೈರ್, ಬ್ರೇಕ್ ಹಾಗೂ ಪೆಟ್ರೋಲ್ ಕೊಳವೆಗಳಿಂದ 25 ಮಿಲಿಮೀಟರಿಗೂ ಹೆಚ್ಚು ಅಂತರ ಇಟ್ಟುಕೊಳ್ಳುವುದು ಕ್ಷೇಮ.

ಮೊದಲು ಪತ್ತೆ, ಆಮೇಲೆ ಚಿಕಿತ್ಸೆ

ಕೆಲಸಕ್ಕೆ ಮುನ್ನ ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಬೇಕು. ಕಾರಿನ ಕೆಳಗೆ ನುಸುಳುವುದಾದರೆ ಜಾಕ್ ಒಂದನ್ನೇ ನಂಬದೆ ಗಟ್ಟಿಯಾದ ಸ್ಟ್ಯಾಂಡ್‌ಗಳ ಮೇಲೆ ಕಾರನ್ನು ನಿಲ್ಲಿಸಬೇಕು.

ಈಗಾಗಲೇ ಓಡಿಸಿದ ಕಾರಾದರೆ ತಾಗುವ ಜಾಗದಲ್ಲಿ ಹೊಳೆಯುವ ಉಜ್ಜಿದ ಗುರುತು ಇರುತ್ತದೆ. ಹೊಸದಾಗಿ ಕೂರಿಸುವಾಗ ಅನುಮಾನವಿದ್ದಲ್ಲಿ ಮಕ್ಕಳು ಆಟಕ್ಕೆ ಬಳಸುವ ಮೆತ್ತನೆಯ ಬಣ್ಣದ ಮಣ್ಣಿನ ಉಂಡೆ ಅಂಟಿಸಿ, ಎಲ್ಲವನ್ನೂ ಬಿಗಿದು, ಮತ್ತೆ ಬಿಚ್ಚಿ ಉಂಡೆ ಎಷ್ಟು ತೆಳುವಾಗಿದೆ ಎಂದು ಅಳೆಯಬಹುದು. ಎಂಜಿನ್ ಚಾಲೂ ಮಾಡುವ ಮೊದಲು ಮಣ್ಣನ್ನು ತೆಗೆಯಲು ಮರೆಯಬಾರದು.

ಮುಂದಿನ ಹಂತದಲ್ಲಿ ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ತಿರುಗಿಸಿ ನೋಡಬೇಕು. ಕ್ಲಚ್ ಪೆಡಲನ್ನು ಪೂರ್ತಿ ಒತ್ತಿ, ಗೇರನ್ನು ಎಲ್ಲ ಸ್ಥಾನಗಳಿಗೂ ಹಾಕಿ ಪರೀಕ್ಷಿಸಬೇಕು. ಮುಂಚಕ್ರ ನೇತಾಡುವಾಗಲೂ ನೆಲಕ್ಕೆ ಒತ್ತಿ ನಿಂತಾಗಲೂ ಸ್ಟೀರಿಂಗ್ ತೋಳುಗಳ ಎತ್ತರ ಬೇರೆ ಬೇರೆ. ಹೀಗಾಗಿ ಎರಡೂ ಸ್ಥಿತಿಗಳಲ್ಲಿ ನೋಡುವುದು ಅಗತ್ಯ.

ಪರಿಹಾರದ ಮೆಟ್ಟಿಲುಗಳು

ಒಂದು: ಮೌಂಟಿಂಗ್. ಅರ್ಧ ಶತಮಾನ ದಾಟಿದ ಕಾರಿನ ರಬ್ಬರ್ ಕುಗ್ಗಿ ಎಂಜಿನ್ ಕೆಲವು ಮಿಲಿಮೀಟರ್ ಕೆಳಗಿಳಿದಿರುತ್ತದೆ ಅಥವಾ ಒಂದು ಬದಿಗೆ ವಾಲಿರುತ್ತದೆ. ಎಂಜಿನ್ ಹಾಗೂ ಗೇರುಪೆಟ್ಟಿಗೆಯ ಮೌಂಟಿಂಗ್‌ಗಳನ್ನು ಹೊಸದಾಗಿಸಿ ಎಂಜಿನ್ನನ್ನು ಸರಿಯಾದ ಸ್ಥಾನಕ್ಕೆ ತಂದರೆ ಎಷ್ಟೋ 'ಹೆಡರ್ ಸಮಸ್ಯೆ'ಗಳು ಅಲ್ಲಿಗೇ ಮುಗಿಯುತ್ತವೆ. ಬೇರಾವುದೇ ಭಾಗಕ್ಕೆ ಕೈಹಾಕುವ ಮುನ್ನ ಮಾಡಬೇಕಾದ ಅಗ್ಗದ ಕೆಲಸವಿದು.

ಎರಡು: ಹೆಡರ್ ಈ ಎಂಜಿನ್ನಿನದೇ ಎಂಬ ಖಾತ್ರಿ. 289 ಮತ್ತು 302 ಎಂಜಿನ್‌ಗಳ ಬ್ಲಾಕಿನ ಎತ್ತರ ಸುಮಾರು 8.2 ಇಂಚು, 1969ರಲ್ಲಿ ಬಂದ 351 ವಿಂಡ್ಸರ್ ಎಂಜಿನ್ನಿನದು ಸುಮಾರು 9.5 ಇಂಚು. ಸಿಲಿಂಡರ್ ಸಾಲುಗಳು 90 ಡಿಗ್ರಿ ಕೋನದಲ್ಲಿ ಇರುವುದರಿಂದ ಈ 1.3 ಇಂಚಿನ ವ್ಯತ್ಯಾಸ, ಹೊಗೆ ಹೊರಬರುವ ದ್ವಾರಗಳನ್ನು ಪ್ರತಿ ಬದಿಯಲ್ಲೂ ಸುಮಾರು 23 ಮಿಲಿಮೀಟರ್ ಮೇಲಕ್ಕೂ ಅಷ್ಟೇ ಹೊರಕ್ಕೂ ತಳ್ಳುತ್ತದೆ. ನೋಡಲು ಒಂದೇ ಕುಟುಂಬದ ಎಂಜಿನ್‌ಗಳಾದರೂ ಒಂದರ ಹೆಡರ್ ಇನ್ನೊಂದಕ್ಕೆ ಹೊಂದದಿರುವುದು ಇದರಿಂದಲೇ. ಹೊಸ ಅಲ್ಯೂಮಿನಿಯಂ ಹೆಡ್ ಹಾಕಿಸಿದ್ದರೆ ಅದರ ದ್ವಾರಗಳೂ ಮೂಲಕ್ಕಿಂತ ಎತ್ತರದಲ್ಲಿರಬಹುದು. ಕಾರಿನ ವರ್ಷ, ಎಂಜಿನ್, ಹೆಡ್, ಗೇರು, ಸ್ಟೀರಿಂಗ್ ಈ ಐದನ್ನೂ ಹೊಂದಿಸಿ ನೋಡದೆ ಕೊಂಡರೆ ಹಣ ನೀರಿಗೆ ಹೋಮ.

ಮೂರು: ಪಕ್ಕದವರನ್ನು ಸರಿಸುವುದು. ಬ್ರೇಕ್ ಕೊಳವೆಯನ್ನು ಹೊಸದಾಗಿ ಬಾಗಿಸಿ ದೂರದಿಂದ ಸಾಗಿಸಬಹುದು. ಮೂಲ ಸ್ಟಾರ್ಟರ್ ಬದಲು ಗಾತ್ರದಲ್ಲಿ ಕಿರಿದಾದ ಗೇರ್ ಮಾದರಿಯ ಸ್ಟಾರ್ಟರ್ ಹಾಕಿದರೆ ಬಲಬದಿಯಲ್ಲಿ ಸಾಕಷ್ಟು ಜಾಗ ಸಿಗುತ್ತದೆ. ಝಡ್-ಬಾರ್ ಅಡ್ಡಬಂದರೆ ಕೇಬಲ್ ಅಥವಾ ಹೈಡ್ರಾಲಿಕ್ ಕ್ಲಚ್ ಅಳವಡಿಸುವ ದಾರಿಯಿದೆ. ಪವರ್ ಸ್ಟೀರಿಂಗ್ ಸಿಲಿಂಡರನ್ನು ಕೆಳಕ್ಕೆ ಇಳಿಸುವ ಬ್ರ್ಯಾಕೆಟ್ ಸಿಗುತ್ತದೆ. ಆದರೆ ಸಿಲಿಂಡರ್ ಇಳಿದಷ್ಟೂ ನೆಲ ಹತ್ತಿರವಾಗುತ್ತದೆ ಎಂಬುದು ನೆನಪಿರಲಿ. ಪ್ಲಗ್ಗಿನ ಟೋಪಿಗಳಿಗೆ ಸೆರಾಮಿಕ್ ಮಾದರಿಯನ್ನು ಬಳಸಬಹುದು.

ನಾಲ್ಕು: ಕೊಳವೆಯನ್ನು ತಗ್ಗಿಸುವುದು. ಮೇಲಿನ ಯಾವುದೂ ಫಲಿಸದಿದ್ದರೆ ತಾಗುವ ಜಾಗದಲ್ಲಿ ಕೊಳವೆಯನ್ನೇ ಸ್ವಲ್ಪ ಚಪ್ಪಟೆ ಮಾಡುವುದು ರೂಢಿ. ಇದರಿಂದ ಶಕ್ತಿಯೆಲ್ಲ ಸೋರಿಹೋಗುತ್ತದೆಂಬ ಭಯಕ್ಕೆ ಲೆಕ್ಕವೇ ಉತ್ತರ. 41 ಮಿಲಿಮೀಟರ್ ವ್ಯಾಸದ ಕೊಳವೆಯನ್ನು ಮೊಟ್ಟೆಯಾಕಾರಕ್ಕೆ ಒತ್ತಿ 35 ಮಿಲಿಮೀಟರಿಗೆ ಇಳಿಸಿದರೆ ಹೊಗೆ ಹಾಯುವ ಜಾಗ ಶೇಕಡ 3ರಿಂದ 4ರಷ್ಟು ಮಾತ್ರ ಕುಗ್ಗುತ್ತದೆ. ಏಕೆಂದರೆ ಒಂದು ಕಡೆ ಒತ್ತಿದ್ದು ಇನ್ನೊಂದು ಕಡೆ ಉಬ್ಬುತ್ತದೆ. 31 ಮಿಲಿಮೀಟರಿಗೆ ಇಳಿಸಿದರೆ ನಷ್ಟ ಶೇಕಡ 8ರಿಂದ 10. ಆದರೆ ಅರ್ಧಕ್ಕೆ ಅರ್ಧ ಚಪ್ಪಟೆಯಾದರೆ ಸುಮಾರು ಶೇಕಡ 30ರಷ್ಟು ಜಾಗ ಹೋಗುತ್ತದೆ. ಅಂದರೆ ನಯವಾದ, ಉದ್ದನೆಯ, ಆಳವಿಲ್ಲದ ತಗ್ಗು ಕ್ಷಮಾರ್ಹ. ಸುತ್ತಿಗೆಯ ಚೂಪು ಪೆಟ್ಟಿನ ಗುಳಿ ಅಲ್ಲ.

ಮಾಡುವ ಕ್ರಮವೂ ಮುಖ್ಯ. ಹೆಡರನ್ನು ಕಾರಿನಿಂದ ಹೊರತೆಗೆದು, ಗುರುತು ಮಾಡಿದ ಜಾಗವನ್ನು ಗ್ಯಾಸ್ ಜ್ವಾಲೆಯಿಂದ ಕೆಂಪಗೆ ಕಾಯಿಸಿ, ದುಂಡು ಸರಳನ್ನು ಒತ್ತಿಟ್ಟು ವೈಸ್‌ನಲ್ಲಿ ನಿಧಾನವಾಗಿ ಬಿಗಿಯಬೇಕು. ಎಂಜಿನ್ನಿಗೆ ಬಿಗಿದಿರುವಾಗಲೇ ಬಡಿದರೆ ಬೋಲ್ಟು ಮುರಿಯಬಹುದು, ಫ್ಲಾಂಜು ಸೊಟ್ಟಗಾಗಿ ಗ್ಯಾಸ್ಕೆಟ್ ಸೋರಬಹುದು. ಸೆರಾಮಿಕ್ ಲೇಪನ ಮಾಡಿಸುವುದಿದ್ದರೆ ಅದು ಈ ಎಲ್ಲ ತಿದ್ದುಪಡಿಗಳ ಬಳಿಕವೇ ಆಗಬೇಕು. ಲೇಪನದ ಮೇಲೆ ಕಾಯಿಸಿ ಒತ್ತಿದರೆ ಅದು ಸಿಡಿದು ಉದುರುತ್ತದೆ.

ಐದು: ಕತ್ತರಿಸಿ ಬೆಸೆಯುವುದು. ಕೊಳವೆ ಹಾದಿಯೇ ತಪ್ಪಾಗಿದ್ದರೆ ಆ ತುಂಡನ್ನು ಕತ್ತರಿಸಿ, ಬೇರೆ ಬಾಗಿನ ಕೊಳವೆಯನ್ನು ಕಾರಿನಲ್ಲೇ ಅಳತೆ ನೋಡಿ ಅಲ್ಲಲ್ಲಿ ಚುಕ್ಕಿ ವೆಲ್ಡ್ ಮಾಡಿ, ಹೊರತೆಗೆದು ಪೂರ್ತಿ ಬೆಸೆಯಬೇಕು. ಇದು ಕುಶಲ ವೆಲ್ಡರ್ ಮಾಡುವ ಕೆಲಸ; ಸೋರುವ ಬೆಸುಗೆ ಮೂಲ ಸಮಸ್ಯೆಗಿಂತ ಕೆಟ್ಟದ್ದು.

ಮೂಗು ಕೊಯ್ಯಬೇಡಿ

ಹೆಡರ್ ಕೂರಲಿಲ್ಲವೆಂದು ಶಾಕ್ ಟವರನ್ನೇ ಗ್ರೈಂಡರಿನಿಂದ ಕೊರೆಯುವವರಿದ್ದಾರೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ ಇದು. ಸ್ಪ್ರಿಂಗ್‌ನ ಭಾರ ಮತ್ತು ಮೇಲಿನ ತೋಳಿನ ಎಳೆತ ಎರಡನ್ನೂ ಹೊರುವುದು ಇದೇ ಗೋಪುರ. ಇದರ ಬಿರುಕು ಹಳೆಯ ಮಸ್ಟಾಂಗ್‌ಗಳ ಪರಿಚಿತ ಕಾಯಿಲೆ. ಗೋಪುರಗಳು ಒಳಕ್ಕೆ ವಾಲದಂತೆ ಅಡ್ಡಪಟ್ಟಿ ಬಿಗಿಯುವ ಪದ್ಧತಿ ಬಂದದ್ದೂ ಇದೇ ಕಾರಣಕ್ಕೆ. ಗೋಪುರವನ್ನೇ ತೆಗೆದು 1974ರ ಮಸ್ಟಾಂಗ್ 2 ಮಾದರಿಯ ಮುಂಭಾಗದ ಸಸ್ಪೆನ್ಷನ್ ಅಳವಡಿಸುವುದು ಇನ್ನೊಂದು ದಾರಿ. ಜಾಗವೇನೋ ಧಾರಾಳವಾಗಿ ಸಿಗುತ್ತದೆ, ಆದರೆ ಕಾರು ಮೂಲರೂಪ ಕಳೆದುಕೊಳ್ಳುತ್ತದೆ.

ನಮ್ಮ ದೇಶದಲ್ಲಿ ಹಳೆಯ ಕಾರು ಇಟ್ಟುಕೊಂಡವರಿಗೆ ಇದು ಕಾನೂನಿನ ವಿಷಯವೂ ಹೌದು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ಪ್ರಕಟಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಗಳಿಗೆ 'ವಿಂಟೇಜ್' ನೋಂದಣಿ ದೊರೆಯುತ್ತದೆ. ಆದರೆ ವಾಹನ ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಬೋಲ್ಟು ಬಿಚ್ಚಿ ಹಿಂದಿನ ಸ್ಥಿತಿಗೆ ತರಬಹುದಾದ ಬದಲಾವಣೆಗೂ, ತಗಡು ಕತ್ತರಿಸಿದ ಬದಲಾವಣೆಗೂ ಇರುವ ಅಂತರ ಇಲ್ಲಿ ನಿರ್ಣಾಯಕವಾಗುತ್ತದೆ. ಬಿಚ್ಚಿದ ಬೀಡುಕಬ್ಬಿಣದ ಮ್ಯಾನಿಫೋಲ್ಡನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಜೋಪಾನವಾಗಿ ಇಡುವುದು ಜಾಣತನ.

ನಮ್ಮ ರಸ್ತೆಗಳ ಉಬ್ಬುಗಳನ್ನೂ ಮರೆಯುವಂತಿಲ್ಲ. ಉದ್ದ ಕೊಳವೆಯ ಹೆಡರ್ ಕಾರಿನ ಅತ್ಯಂತ ಕೆಳಗಿನ ಭಾಗವಾಗಿಬಿಡುತ್ತದೆ. ಒಂದು ಉಬ್ಬಿಗೆ ಬಡಿದರೂ ಸಾಕು, ಎಲ್ಲ ಶ್ರಮ ವ್ಯರ್ಥವಾಗುತ್ತದೆ. ನಗರದೊಳಗೇ ಹೆಚ್ಚು ಓಡಿಸುವವರಿಗೆ ಗಿಡ್ಡ ಹೆಡರ್ ಅಥವಾ ಟ್ರೈ-ವೈ ಉತ್ತಮ ಆಯ್ಕೆ.

ಬಿಗಿದ ಮೇಲೂ ಕೆಲಸವಿದೆ

ಹೆಡರ್ ಕೂತ ಬಳಿಕ ಎಂಜಿನ್ನನ್ನು ಚೆನ್ನಾಗಿ ಬಿಸಿಯಾಗಲು ಬಿಟ್ಟು, ಪೂರ್ತಿ ತಣ್ಣಗಾದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಹೊಸ ಗ್ಯಾಸ್ಕೆಟ್ ಅದುಮಿಕೊಳ್ಳುವುದರಿಂದ ಮೊದಲ ಬಿಗಿತ ಸಡಿಲವಾಗಿರುತ್ತದೆ. ಈ ಕಾರಿನ ಬೋಲ್ಟುಗಳು ಇಂಚಿನ ಅಳತೆಯವು. ಮಿಲಿಮೀಟರ್ ಸ್ಪ್ಯಾನರ್ ತುರುಕಿದರೆ ತಲೆ ಸವೆಯುತ್ತದೆ.

ಕೊಳವೆಗೆ ಶಾಖನಿರೋಧಕ ಪಟ್ಟಿ ಸುತ್ತುವವರು ಎರಡು ಮಾತು ನೆನಪಿಡಬೇಕು. ಪಟ್ಟಿ ತೇವ ಹಿಡಿದಿಟ್ಟು ಸಾದಾ ಉಕ್ಕನ್ನು ಬೇಗ ತುಕ್ಕುಹಿಡಿಸುತ್ತದೆ; ಎಣ್ಣೆ ಸೋರುವ ಎಂಜಿನ್ನಾದರೆ ಎಣ್ಣೆ ಹೀರಿಕೊಂಡು ಬೆಂಕಿಯ ಬತ್ತಿಯೂ ಆಗಬಲ್ಲದು. ಅದಕ್ಕಿಂತ ಬ್ರೇಕ್ ಕೊಳವೆ ಹಾಗೂ ಸ್ಟಾರ್ಟರ್ ಕೇಬಲ್ ಮುಂದೆ, ಎರಡೂ ಬದಿ ಗಾಳಿಯಾಡುವಂತೆ ತಗಡಿನ ಮರೆ ನಿಲ್ಲಿಸುವುದು ಲೇಸು.

ಹೊಗೆ ಸೋರುವ ಟಿಕ್ ಟಿಕ್ ಸದ್ದು ಕೇಳಿದರೆ ನಿರ್ಲಕ್ಷಿಸಬಾರದು. ಪೆಟ್ರೋಲ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಎಂಜಿನ್ ಕೋಣೆಯ ಹಿಂಗೋಡೆಯಲ್ಲಿ ಮುಚ್ಚದೆ ಬಿಟ್ಟ ತೂತಿನ ಮೂಲಕ ಅದು ಒಳಗೆ ಬರಬಲ್ಲದು. ಚಾಲಕನಿಗೆ ತಲೆನೋವು, ಮಂಪರು ಕಾಣಿಸಿಕೊಂಡರೆ ಕೂಡಲೇ ಕಾರು ನಿಲ್ಲಿಸಿ ಹೊರಬರಬೇಕು.

ಮೊದಲ ಸವಾರಿ ಖಾಲಿ ರಸ್ತೆಯಲ್ಲಿ, ನಿಧಾನಗತಿಯಲ್ಲಿ, ಬೆಂಕಿ ನಂದಿಸುವ ಸಿಲಿಂಡರನ್ನು ಜೊತೆಗಿಟ್ಟುಕೊಂಡು ನಡೆಯಲಿ. ಹಿಂದಿರುಗಿದ ಮೇಲೆ ಟಾರ್ಚ್ ಹಿಡಿದು ಪ್ರತಿ ಸಂದಿಯನ್ನೂ ಮತ್ತೆ ನೋಡಬೇಕು. ಎಲ್ಲಾದರೂ ಹೊಸದಾಗಿ ಉಜ್ಜಿದ ಹೊಳಪು ಕಂಡರೆ ಕೆಲಸ ಇನ್ನೂ ಬಾಕಿ ಇದೆ ಎಂದೇ ಅರ್ಥ.